ಬಿಟ್ಟುಹೋದ ದೀರ್ಘ

ಮಾರ್ಚ್ ೪

ಅಮ್ಮ,

ಬಂದು ತಲುಪಿದೆ. ಫೋನ್ ಮಾಡುತ್ತೇನೆ ಅಂದಿದ್ದೆ, ಮಾಡಲಿಲ್ಲ. ಫೋನಿನಲ್ಲಿ ನಾವಿಬ್ಬರೂ ಮೂರನೇ ಮಾತಿಗೆ ಜಗಳಕ್ಕೆ ನಿಲ್ಲುತ್ತೇವೆ. ಕಾಗದದಲ್ಲಾದರೆ ಜಗಳ ಹೋಗಿ ಮುಟ್ಟುವುದಕ್ಕೇ ಒಂದು ವಾರ ಬೇಕು, ಅಷ್ಟರಲ್ಲಿ ಇಬ್ಬರ ಸಿಟ್ಟೂ ಆರಿರುತ್ತದೆ. ಹಾಗಾಗಿ ಇನ್ನು ಮೇಲೆ ಕಾಗದವೇ.

ರೂಮು ಪರವಾಗಿಲ್ಲ. ಒಂದೇ ಕಿಟಕಿ, ಅದರಾಚೆ ಪಕ್ಕದ ಕಟ್ಟಡದ ಮೆಟ್ಟಿಲು. ಯಾರು ಹತ್ತಿದರೂ ಅವರ ನೆರಳು ನನ್ನ ಮೇಜಿನ ಮೇಲೆ ನಡೆದುಹೋಗುತ್ತದೆ. ಮಂಚವನ್ನು ಗೋಡೆಗೆ ಹಾಕಿ ನೋಡಿದೆ, ಕಿಟಕಿಗೆ ಹಾಕಿ ನೋಡಿದೆ, ಈಗ ಅದು ರೂಮಿನ ನಟ್ಟನಡುವೆ ನಿಂತಿದೆ. ನಾಳೆ ಎಲ್ಲಿರುತ್ತದೋ ಗೊತ್ತಿಲ್ಲ.

ಕಚೇರಿ ಒಂದು ಹಳೇ ಗೋದಾಮು. ಕೆಳಗೆ ಮುದ್ರಣ, ಮೇಲೆ ನಾವು. ಈ ಕ್ರೈಸ್ತ ಸೇವಾಸಂಸ್ಥೆಯವರು ಊರೂರಿಗೆ ಕರಪತ್ರ, ಪೋಸ್ಟರ್, ಮಕ್ಕಳ ಪುಸ್ತಕ, ಕ್ಯಾಲೆಂಡರ್ ಕಳಿಸುತ್ತಾರೆ. ಅವೆಲ್ಲದರ ಚಿತ್ರವೂ ಅಕ್ಷರ ಜೋಡಣೆಯೂ ಇನ್ನು ನನ್ನ ಪಾಲಿಗೆ. ನನಗಿಂತ ಮುಂಚೆ ಇದ್ದವನು ಕಂಪ್ಯೂಟರಿನಲ್ಲಿ ಕುರಿಗಳಿಗೇ ಒಂದು ಫೋಲ್ಡರ್ ಮಾಡಿಟ್ಟು ಹೋಗಿದ್ದಾನೆ. ಕುರಿ, ಪಾರಿವಾಳ, ಸೂರ್ಯೋದಯ, ಈ ಮೂರು ಇದ್ದರೆ ಅರ್ಧ ಕೆಲಸ ಆದ ಹಾಗೆ. ಸಂಸ್ಥೆಯ ಮುಖ್ಯಸ್ಥರನ್ನು ಎಲ್ಲರೂ ಅಯ್ಯನವರು ಅನ್ನುತ್ತಾರೆ. ಒಳ್ಳೆಯವರು. ನಿನ್ನೆ ನನ್ನ ಹಿಂದೆ ಬಹಳ ಹೊತ್ತು ನಿಂತು, "ಈ ಕುರಿಗೆ ಏನೋ ಬೇಜಾರಾಗಿದೆ ಕಣಮ್ಮ, ಸ್ವಲ್ಪ ನಗೋ ಕುರಿ ಹಾಕು" ಅಂದರು. ಕುರಿಯನ್ನು ನಗಿಸುವುದು ಹೇಗೆ ಅಂತ ಸಂಜೆಯವರೆಗೆ ಒದ್ದಾಡಿದೆ.

ಸೋಪಿನ ಕಂಪನಿಯ ಜಾಹೀರಾತಿನಲ್ಲೂ ಬೆಳಕನ್ನು ಮೇಲಿನಿಂದಲೇ ಬಿಡುತ್ತಿದ್ದೆ, ಇಲ್ಲೂ ಮೇಲಿನಿಂದಲೇ. ಅಲ್ಲಿ ಅದು ಸುಳ್ಳು ಅಂತ ಗೊತ್ತಿತ್ತು, ಆರಾಮಾಗಿ ಹಾಕುತ್ತಿದ್ದೆ. ಇಲ್ಲಿ ನಿಜ ಅನ್ನುತ್ತಾರೆ, ಹಾಕುವಾಗ ಕೈ ತಡೆಯುತ್ತದೆ.

ತಪ್ಪು ತಿದ್ದುವುದಕ್ಕೆ ಒಬ್ಬ ನಿವೃತ್ತ ಮೇಷ್ಟ್ರು ಇದ್ದಾರೆ. ಮೊದಲ ದಿನವೇ "ಪ್ರಾರ್ಥನೆ"ಗೆ ದೀರ್ಘ ಬಿಟ್ಟು ಕೊಟ್ಟೆ. ಅವರು ಕೆಂಪು ಪೆನ್ನಿನಲ್ಲಿ ಹಾಕಿ, "ದೇವರಿಗೆ ಅರ್ಥ ಆಗುತ್ತಮ್ಮ, ಜನಕ್ಕೆ ಆಗಲ್ಲ" ಅಂದರು. ನಗು ಬಂತು. ಹಿಂದೆಯೇ ತಮ್ಮ ನೆನಪಾದ. ಹಾಲಿನ ಅಂಗಡಿಯ ಬೋರ್ಡಿಗೆ ನಾನು "ಹಲು ಸಿಗುತ್ತದೆ" ಅಂತ ಬರೆದು, ಅಂಗಡಿಯವನು "ನಾನೇನು ಹಲ್ಲಿನ ಡಾಕ್ಟರಾ?" ಅಂತ ಕೂಗಾಡಿದಾಗ, ಆರನೇ ಕ್ಲಾಸಿನಲ್ಲಿದ್ದ ಅವನು, ನಮ್ಮ ಒತ್ತಕ್ಷರ, ಸೀಮೆಸುಣ್ಣ ಹಿಡಿದು ಬಂದು ದೀರ್ಘ ಹಾಕಿ ಹೋಗಿದ್ದ. ಆಮೇಲೂ ಹಾಗೇ ನಡೆಯಿತಲ್ಲ. ನಾನು ಚಿತ್ರ ಬರೆದು ಮುಂದೆ ಹೋಗುವುದು, ಅವನು ಹಿಂದಿನಿಂದ ಬಂದು ನಾನು ಬಿಟ್ಟ ದೀರ್ಘಗಳನ್ನು ಹಾಕುವುದು.

ಅವನ ಹೆಸರು ಎತ್ತಬಾರದು ಅಂದಿದ್ದೀಯ. ಎತ್ತಿದೆ. ಬೈಯುವುದಿದ್ದರೆ ಕಾಗದದಲ್ಲಿ ಬೈ.

ಈ ವಾರ ಒಂದೇ ರೂಮಿನಲ್ಲಿರುವ ನಿನ್ನ
ಚುಕ್ಕಿ


ಮಾರ್ಚ್ ೧೫

ಚುಕ್ಕಿ,

ಮಂಚ ನಡುವೆ ನಿಲ್ಲಿಸಿಕೊಂಡು ಎಷ್ಟು ದಿನ ಮಲಗುತ್ತೀಯ? ಗೋಡೆಗೆ ಹಾಕು. ಹುಟ್ಟಿದಾಗಿನಿಂದ ನೀನು ಅಂಡು ಸುಟ್ಟ ಬೆಕ್ಕೇ. ಬಿಸ್ಕತ್ತು ಕಂಪನಿ ಆಯಿತು, ಸೋಪು ಆಯಿತು, ಈಗ ದೇವರ ಕೆಲಸ. ಅವನ ಹತ್ತಿರವಾದರೂ ಒಂದು ವರ್ಷ ನಿಲ್ಲು, ಆಮೇಲೆ ಬಿಡುವ ಯೋಚನೆ ಮಾಡುವಿಯಂತೆ.

ನಾನು ಚರ್ಚಿನ ಗಾಯನ ತಂಡದವರ ನಿಲುವಂಗಿ ಹೊಲಿಯುತ್ತಿದ್ದೇನೆ. ಅಳತೆ ಕೊಡುವಾಗ ಎಲ್ಲರೂ ಹೊಟ್ಟೆ ಒಳಗೆ ಎಳೆದುಕೊಳ್ಳುತ್ತಾರೆ, ಹಾಡುವಾಗ ಬಿಡುತ್ತಾರೆ. ಹಾಗಾಗಿ ಕೇಳದೆಯೇ ಎರಡೆರಡು ಬೆರಳು ಜಾಸ್ತಿ ಇಡುತ್ತಿದ್ದೇನೆ. ಭಾನುವಾರ ನಾನು ಕೊನೇ ಬೆಂಚಿನಲ್ಲಿ ಕೂರುತ್ತೇನೆ. ಪಾದ್ರಿಯ ಪ್ರಸಂಗ ಉದ್ದವಾದರೆ ಮುಂದಿನವರ ಬೆನ್ನಿನ ಹೊಲಿಗೆ ನೋಡುತ್ತಾ ಇರಬಹುದು.

ಆ ಹೆಸರಿನ ವಿಷಯ. ನಿಮ್ಮಪ್ಪ ಇಟ್ಟ ಅಡ್ಡಹೆಸರು ಅದು. ಮೂರು ಹೊತ್ತೂ ನಿನ್ನ ಕಾಲಡಿಯಲ್ಲೇ ಅಂಟಿಕೊಂಡಿರುತ್ತಾನೆ ಅಂತ ಒತ್ತಕ್ಷರ ಅಂದರು, ಅದೇ ನಿಂತಿತು. ಅವರಿದ್ದಿದ್ದರೆ ಮನೆಯ ಕಥೆಯೇ ಬೇರೆ ಇರುತ್ತಿತ್ತು. ಅವನು ಎದ್ದು ಹೋಗಿ ಎರಡು ವರ್ಷ. ಎಲ್ಲಿದ್ದಾನೆ ಅಂತ ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ, ಮತ್ತೆ ಆ ಮಾತು ಯಾಕೆ? ಬೈದಿದ್ದೇನೆ ಅಂತ ತಿಳಿದುಕೋ.

ಹೊಟ್ಟೆಗೆ ಸರಿಯಾಗಿ ತಿನ್ನು.

ಅಮ್ಮ


ಏಪ್ರಿಲ್ ೧೯

ಅಮ್ಮ,

ಮಂಚ ಗೋಡೆಗೆ ಹಾಕಿದ್ದೇನೆ. ಈಗ ನಾನೇ ನಡುವೆ ನಿಂತಿರುತ್ತೇನೆ.

ದೊಡ್ಡ ಕೆಲಸ ಬಂದಿದೆ. ಮನೆ ಬಿಟ್ಟು ಹೋದವರಿಗೆ, ದಾರಿ ತಪ್ಪಿದವರಿಗೆ, ಯಾರೂ ಕೇಳದೆ ಇರುವವರಿಗೆ ಒಂದು ಪೋಸ್ಟರ್. ಬಸ್ ನಿಲ್ದಾಣ, ಆಸ್ಪತ್ರೆ ಗೇಟು, ಗೋದಾಮಿನ ಗೋಡೆ, ಎಲ್ಲ ಕಡೆ, ಎಲ್ಲ ಊರಿನಲ್ಲೂ ಅಂಟಿಸುತ್ತಾರಂತೆ. ಮೇಲೆ ದೊಡ್ಡದಾಗಿ "ಕಳೆದುಹೋದವನು", ನಡುವೆ ಒಂದು ಮುಖ, ಕೆಳಗೆ ಒಂದು ಸಾಲು, ಅದರ ಕೆಳಗೆ ಕಚೇರಿಯ ವಿಳಾಸ. ಕೇಳುವುದಕ್ಕೆ ಸುಲಭ ಅಲ್ಲವಾ?

ಆ ಒಂದು ಸಾಲಿಗೆ ಇಲ್ಲಿ ಮಹಾಯುದ್ಧ ನಡೆದಿದೆ. ಅಯ್ಯನವರು ಬರೆದುಕೊಟ್ಟದ್ದು "ಕರೆದವನು ಕೈಬಿಡನು" ಅಂತ. ಮೇಷ್ಟ್ರು ಒಪ್ಪುತ್ತಿಲ್ಲ. "ಈಗಿನ ಹುಡುಗರಿಗೆ 'ಕೈಬಿಡನು' ಅಂದ್ರೆ ತಿಳಿಯಲ್ಲ ಅಯ್ಯನವರೇ, 'ಇಲ್ಲ' ಅನ್ನೋದು ಎಲ್ಲಿದೆ ಅಂತ ಹುಡುಕ್ತಾರೆ. 'ಕೈಬಿಡುವುದಿಲ್ಲ' ಅಂತ ಬಿಡಿಸಿ ಹಾಕಿ" ಅನ್ನುತ್ತಾರೆ. ಅಯ್ಯನವರು, "'ಕೈಬಿಡುವುದಿಲ್ಲ' ಅಂದ್ರೆ ಬ್ಯಾಂಕಿನವರು ಹೇಳಿದ ಹಾಗಿರುತ್ತೆ ಮೇಷ್ಟ್ರೇ" ಅನ್ನುತ್ತಾರೆ. ಬೆಳಿಗ್ಗೆ ಒಬ್ಬರು ಬಂದು ಬದಲಿಸು ಅನ್ನುವುದು, ಊಟ ಆದ ಮೇಲೆ ಇನ್ನೊಬ್ಬರು ಬಂದು ಮೊದಲಿನ ಹಾಗೇ ಮಾಡು ಅನ್ನುವುದು. ಕೋಣಗಳೆರಡು ಹೋರಿದರೆ ಗಿಡಕ್ಕೆ ಮಿತ್ತು ಅನ್ನುತ್ತಾರಲ್ಲ, ನಾನೇ ಆ ಗಿಡ. ಅದರಲ್ಲೂ ಮೇಷ್ಟ್ರ ಸಾಲು ಉದ್ದ, ಒಂದು ಗೆರೆಯಲ್ಲಿ ಹಿಡಿಯುವುದೇ ಇಲ್ಲ.

ಮುಖ ಬರೆಯುವುದಕ್ಕೂ ತಡವಾಯಿತು. ಇಂಟರ್ನೆಟ್ಟಿನಲ್ಲಿ ಮಾರಾಟಕ್ಕಿರುವ ಫೋಟೋಗಳನ್ನು ನೋಡಿದೆ. ಅವುಗಳಲ್ಲಿ ಕಳೆದುಹೋದವರೆಲ್ಲ ಚೆನ್ನಾಗಿ ತಲೆ ಬಾಚಿಕೊಂಡಿದ್ದಾರೆ. ಬೇಸರವಾಗಿ ಎಲ್ಲ ಮುಚ್ಚಿ, ಪೆನ್ಸಿಲ್ ತೆಗೆದುಕೊಂಡು ಕೈಯಲ್ಲೇ ಬರೆದೆ. ಒಂದೇ ಸಲಕ್ಕೆ ಬಂತು. ಎಲ್ಲರೂ ಚೆನ್ನಾಗಿದೆ ಅಂದರು. ಅಷ್ಟು ಸುಲಭವಾಗಿ ಬಂದಿದ್ದಕ್ಕೆ ನನಗೆ ಅವತ್ತಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಸಂಜೆ ಕೆಲಸ ಬಿಟ್ಟ ಮೇಲೆ ನಡೆಯುತ್ತೇನೆ, ಎಲ್ಲಿಗೆ ಅಂತಿಲ್ಲ. ಟೈರ್ ಅಂಗಡಿಗಳ ಬೀದಿ, ಮರದ ಅಡ್ಡೆಗಳ ಬೀದಿ, ರೈಲು ಹಳಿ, ಅಲ್ಲಿಂದ ವಾಪಸ್ಸು.

ನಿನ್ನ ಮಂಡಿನೋವು ಹೇಗಿದೆ? ಮಿಷನ್ನಿನ ಪೆಡಲ್ ಬಿಟ್ಟು ಮೋಟಾರು ಹಾಕಿಸು ಅಂದರೆ ಕೇಳುವುದಿಲ್ಲ.

ಗಿಡ, ಅಲಿಯಾಸ್
ಚುಕ್ಕಿ


ಮೇ ೨೭

ಚುಕ್ಕಿ,

ನೂಲಿನ ಉಂಡೆ ತರುವುದಕ್ಕೆ ಹೋದವಳು ಬಸ್ ನಿಲ್ದಾಣದ ಹತ್ತಿರ ನಿಂತುಬಿಟ್ಟೆ. ಟಿಕೆಟ್ ಕಿಟಕಿಯ ಪಕ್ಕದ ಗೋಡೆಯಲ್ಲಿ ನನ್ನ ಮಗ ನನ್ನನ್ನೇ ನೋಡುತ್ತಿದ್ದ.

ಹೆತ್ತವರಿಗೆ ಹೆಗ್ಗಣ ಮುದ್ದು, ಎಲ್ಲ ಹುಡುಗರೂ ನನಗೆ ಅವನ ಹಾಗೇ ಕಾಣುತ್ತಾರೆ ಅಂತ ಮೊದಲು ನನಗೆ ನಾನೇ ಹೇಳಿಕೊಂಡೆ. ಆಮೇಲೆ ಹುಬ್ಬಿನ ಮೇಲಿನ ಗೀರು ನೋಡಿದೆ. ಏಣಿಯಿಂದ ಬಿದ್ದಾಗ ಆದದ್ದು. ಅದನ್ನು ಸಹ ನೀನು ಬಿಟ್ಟಿಲ್ಲ. ದೀರ್ಘ ಬಿಡುತ್ತೀಯ, ಗೀರು ಬಿಡುವುದಿಲ್ಲ.

ಕೇಳು. ಆ ಚಿತ್ರದಲ್ಲಿ ಅವನ ಅಂಗಿಯ ಕಾಲರ್ ಹರಿದಿದೆ. ಹರಿದು ಜೋತು ಬಿದ್ದಿದೆ. ನಾನು ಊರಿಗೆಲ್ಲ ಹೊಲಿಯುವವಳು. ಹರಿದ ಕಾಲರ್ ಹಾಕಿಸಿ ಮಗನನ್ನು ಮನೆಯಿಂದ ಕಳಿಸಿದವಳಲ್ಲ. ಅವತ್ತು ಅವನು ಹಾಕಿಕೊಂಡಿದ್ದು ಹೊಸ ಅಂಗಿ, ಕಾಲರಿಗೆ ಒಳಗಿನಿಂದ ಎರಡು ಪದರ ಕೊಟ್ಟು ನಾನೇ ಹೊಲಿದದ್ದು. ಅದು ಎರಡು ವರ್ಷದಲ್ಲಿ ಹರಿಯುವ ಹೊಲಿಗೆಯಲ್ಲ. ಯಾರನ್ನು ಕೇಳಿ ಹರಿದೆ?

ಯಾರನ್ನು ಕೇಳಿ ಅವನನ್ನು ಗೋಡೆಗೆ ಹಾಕಿದೆ?

ಇನ್ನೊಂದು. ಕೆಳಗೆ ನೀವು ಬರೆದದ್ದನ್ನು ನನ್ನ ಹಿಂದೆ ಸಾಲಿನಲ್ಲಿ ನಿಂತಿದ್ದವನು ಗಟ್ಟಿಯಾಗಿ ಓದಿ ನಕ್ಕ. ನಾನು ಆಗ ಓದಿದೆ. "ಕರೆದವನು ಕೈಬಿಡುವನು" ಅಂತ ಇದೆ. ಕೈಬಿಡನು ಅಲ್ಲ, ಕೈಬಿಡುವನು. ಕರೆದು ಕರೆದು ಕೊನೆಗೆ ಕೈಬಿಡುತ್ತಾನಂತೆ ನಿಮ್ಮ ದೇವರು. ಇದನ್ನು ಎಲ್ಲ ಊರಿಗೂ ಕಳಿಸಿದ್ದೀರಾ?

ನೂಲು ತರುವುದು ಮರೆತು ಮನೆಗೆ ಬಂದೆ.

ಅಮ್ಮ


ಜೂನ್ ೩

ಅಮ್ಮ,

ನಿನ್ನ ಕಾಗದ ಕಚೇರಿಗೇ ಬಂತು. ನಿಂತಲ್ಲೇ ಓದಿ, ಮೆಟ್ಟಿಲಿಳಿದು ಹೋಗಿ ಉಳಿದ ಕಟ್ಟಿನಿಂದ ಒಂದು ಹಾಳೆ ಎಳೆದು ನೋಡಿದೆ. ನೀನು ಹೇಳಿದ್ದು ನಿಜ.

ಹೇಗಾಯಿತು ಅಂತ ಹೇಳುತ್ತೇನೆ. ಕೊನೆಗೆ ಗೆದ್ದವರು ಅಯ್ಯನವರು. ಮೇಷ್ಟ್ರು ಮುಖ ಊದಿಸಿಕೊಂಡು ಅವತ್ತು ಬೇಗ ಮನೆಗೆ ಹೋದರು. ಪರದೆಯ ಮೇಲೆ ಅವರ "ಕೈಬಿಡುವುದಿಲ್ಲ" ಇತ್ತು. ನಾನು ಹಿಂದಿನಿಂದ ಅಳಿಸುತ್ತಾ ಬಂದೆ. "ಲ್ಲ" ಹೋಯಿತು, "ದಿ" ಹೋಯಿತು, "ವು"ವಿನ ಕೊಂಬು ಹೋಯಿತು. ಅಲ್ಲಿಗೆ ನಿಲ್ಲಿಸಿ "ನು" ಒತ್ತಿದೆ. ಇನ್ನೂ ಒಂದು ಅಕ್ಷರ, ಒಂದು ಕೊಂಬು ಅಳಿಸಬೇಕಿತ್ತು. ನನ್ನ ಕಣ್ಣು ಅಕ್ಷರದ ಮೇಲೆ ಇರಲಿಲ್ಲ, ಮೇಲಿನ ಮುಖದ ಮೇಲೆ ಇತ್ತು.

ಆ ಹಾಳೆ ಹಿಡಿದುಕೊಂಡು ಅಯ್ಯನವರ ಕೋಣೆಗೆ ಹೋದೆ. ಗಟ್ಟಿಯಾಗಿ ಓದಿದರು. ಮೊದಲು ನಕ್ಕರು, ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಒಂದು ಜೀವಮಾನ ಇದನ್ನೇ ಬೋಧಿಸಿದೀನಿ, ಒಂದು ಅಕ್ಷರದಲ್ಲಿ ತಿರುಗಿಸಿ ಹಾಕಿಬಿಟ್ಯಲ್ಲಮ್ಮ" ಅಂದರು. ಬೈದಿದ್ದರೆ ಚೆನ್ನಾಗಿತ್ತು. ಸರಿಯಾದ ಪದ ಇರುವ ಪಟ್ಟಿ ಮುದ್ರಿಸಿ ಎಲ್ಲದರ ಮೇಲೂ ಅಂಟಿಸೋಣ, ಅದು ದೊಡ್ಡ ಮಾತಲ್ಲ ಅಂದರು. ಆಮೇಲೆ, "ಈ ಮುಖ ಯಾರದು?" ಅಂತ ಕೇಳಿದರು. ಸುಳ್ಳು ಬಾಯಿಗೆ ಬಂದಿತ್ತು, ಆದರೆ ನನ್ನ ತಮ್ಮನದು ಅಂತ ಹೇಳಿಬಿಟ್ಟೆ.

"ನಿಮ್ಮಮ್ಮನ್ನ ಕೇಳಿದ್ಯಾ?"

"ಇಲ್ಲ."

"ಹಾಗಾದ್ರೆ ಅಕ್ಷರದ ತಪ್ಪು ಚಿಕ್ಕದು."

ಅಮ್ಮ, ಬರೆಯಬೇಕು ಅಂತ ಕೂತು ಬರೆದದ್ದಲ್ಲ. ಆದರೆ ಬಂದ ಮೇಲೆ ಅವನೇ ಅಂತ ಗೊತ್ತಿತ್ತು, ಗೊತ್ತಿದ್ದೂ ಕೊಟ್ಟೆ. ಎರಡು ವರ್ಷದಿಂದ ಯಾವ ಊರಿಗೆ ಹೋದರೂ ಕೈಬರಹದ ಬೋರ್ಡು ಕಂಡರೆ ನಿಂತು ಅವನ "ಡ" ಇದೆಯಾ ಅಂತ ನೋಡುತ್ತೇನೆ. ಅವನ "ಡ"ದ ಹೊಟ್ಟೆ ಬೇರೆ ಯಾರಿಗೂ ಬರುವುದಿಲ್ಲ. ಕೈಬರಹ ಕೇಳುವವರೇ ಇಲ್ಲದೆ ಅವನು ಕೆಲಸ ಕಳೆದುಕೊಂಡು ಕೂತಿದ್ದ. ನನ್ನ ಜೊತೆ ಕಂಪ್ಯೂಟರಿನ ಮುಂದೆ ಕೂರು ಅಂದರೆ ಕೂರಲಿಲ್ಲ. ನೀನು "ದುಡಿಯೋದು ಕಲಿತು ಬಾ, ಇಲ್ಲ ಅಂದ್ರೆ ಬರಬೇಡ" ಅಂದೆ. ಅವನು ಕುಂಚಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋದ. ನಾನು ಬಾಗಿಲಲ್ಲೇ ಇದ್ದೆ. ಎಲ್ಲೋ ಒಂದು ಗೋಡೆಯ ಮೇಲೆ ಅವನು ತನ್ನನ್ನೇ ನೋಡಿದರೆ ಸಾಕು ಅನ್ನಿಸಿತು. ಕಾಲರ್ ಯಾಕೆ ಹರಿದೆ ಅಂದರೆ, ಅವನು ಕಷ್ಟದಲ್ಲಿದ್ದಾನೆ ಅಂತ ನನಗೆ ಹೆದರಿಕೆ.

ಅಯ್ಯನವರು ಹೇಳಿದ್ದು ಇಷ್ಟು. ನೀನು ಇರಲಿ ಅಂದರೆ ಪಟ್ಟಿ ಅಂಟಿಸಿ ಪೋಸ್ಟರ್ ಉಳಿಸುತ್ತಾರೆ. ಬೇಡ ಅಂದರೆ ಎಲ್ಲವನ್ನೂ ಇಳಿಸುತ್ತಾರೆ. ನಿನ್ನ ಕಾಗದ ಬರುವವರೆಗೆ ಯಾರೂ ಏನೂ ಮುಟ್ಟುವುದಿಲ್ಲ.

ಬೇಗ ಬರೆ.

ಚುಕ್ಕಿ


ಜೂನ್ ೨೮

ಅಮ್ಮ,

ಉತ್ತರವಿಲ್ಲ. ಫೋನ್ ಮಾಡಿದರೆ ಎತ್ತಿ, "ಮಿಷನ್ ಓಡ್ತಿದೆ, ಆಮೇಲೆ" ಅಂತ ಇಡುತ್ತೀಯ. ಮಿಷನ್ನಿನ ಸದ್ದು ಕೇಳಿಸಲಿಲ್ಲ ನನಗೆ.

ಇಲ್ಲಿ ಎಲ್ಲರೂ ನನ್ನನ್ನು ಕಂಡರೆ ಮೆಲ್ಲಗೆ ಮಾತಾಡುತ್ತಾರೆ. ಮೇಷ್ಟ್ರು ತಮ್ಮದೇ ತಪ್ಪು ಅನ್ನುವ ಹಾಗೆ ದಿನಾ ನನ್ನ ಮೇಜಿಗೆ ಬಂದು ಏನಾದರೂ ತಿದ್ದುವುದಿದೆಯಾ ಅಂತ ಕೇಳುತ್ತಾರೆ. ಮಂಚ ಮತ್ತೆ ಕಿಟಕಿಗೆ ಬಂದಿದೆ.

ಇರಲಿ ಅನ್ನು, ಇಲ್ಲ ಬೇಡ ಅನ್ನು. ಸುಮ್ಮನೆ ಇರಬೇಡ.

ಚುಕ್ಕಿ


ಜುಲೈ ೬

ಚುಕ್ಕಿ,

ಇಳಿಸು.

ಪಕ್ಕದ ಮನೆಯವಳು ಬಂದು, "ನಿಮ್ಮ ಹುಡುಗನ ಹಾಗೇ ಇದೆಯಲ್ಲ ಪೋಸ್ಟರು, ಕಳೆದುಹೋಗಿದ್ದಾನಾ?" ಅಂತ ಕೇಳಿದಳು. ದೊಡ್ಡ ಕೆಲಸ ಸಿಕ್ಕಿದೆ, ರಜೆ ಸಿಗುವುದಿಲ್ಲ ಅಂತ ಎರಡು ವರ್ಷದಿಂದ ಅವಳಿಗೆ ಹೇಳುತ್ತಾ ಬಂದಿದ್ದೆ. ಅಳತೆ ಕೊಡುವುದಕ್ಕೆ ಬಂದವರು ಈಗ ಹೊಟ್ಟೆ ಎಳೆದುಕೊಳ್ಳುವುದು ಬಿಟ್ಟು ನನ್ನ ಮುಖ ನೋಡುತ್ತಾರೆ.

ಅದಕ್ಕೆ ಇಳಿಸು ಅನ್ನುತ್ತಿಲ್ಲ. ಜನ ಏನು, ನಾಲ್ಕು ದಿನ ಆಡಿಕೊಂಡು ಬಿಡುತ್ತಾರೆ. ನನಗೆ ಆ ಮೇಲಿನ ಪದ ಸಹಿಸಲಾಗುವುದಿಲ್ಲ. ಅವನು ಕಳೆದುಹೋಗಿಲ್ಲ. ಕಳೆದುಹೋದವನಿಗೆ ದಾರಿ ಗೊತ್ತಿರುವುದಿಲ್ಲ. ಅವನಿಗೆ ದಾರಿ ಗೊತ್ತು, ಬೀದಿ ಗೊತ್ತು, ಬಾಗಿಲ ಚಿಲಕ ಎಲ್ಲಿ ಸಿಕ್ಕಿಕೊಳ್ಳುತ್ತದೆ ಅಂತಲೂ ಗೊತ್ತು. ನಾನು ಬರಬೇಡ ಅಂದೆ, ಅದಕ್ಕೆ ಬಂದಿಲ್ಲ. ಚಿಕ್ಕಂದಿನಿಂದ ಒಂದು ಮಾತು ಕೇಳದವನು ಅದೊಂದನ್ನು ಕೇಳಿದ್ದಾನೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾನು ಆಡಿದ್ದಕ್ಕೆ ಅವನನ್ನು ಕಳೆದುಹೋದವನು ಅಂತ ಊರೂರಲ್ಲಿ ಯಾಕೆ ಕರೆಯಬೇಕು?

ಇನ್ನೊಂದು ಮಾತು. ಬಸ್ ನಿಲ್ದಾಣದ ಗೋಡೆಯಲ್ಲಿರುವುದರ ಕಾಲರ್ ನಾನು ಸರಿಮಾಡಿದ್ದೇನೆ. ಬಟ್ಟೆಗೆ ಗುರುತು ಹಾಕುವ ಬಳಪ ಚೀಲದಲ್ಲಿತ್ತು. ಬಸ್ ಬರುವವರೆಗೆ ನಿಂತು ಕಾಲರಿನ ಗೆರೆ ಕೂಡಿಸಿ, ಮೇಲಿನ ಗುಂಡಿ ಹಾಕಿದೆ. ಸಾಲಿನಲ್ಲಿದ್ದವರು ಹುಚ್ಚಿ ಅಂದುಕೊಂಡಿರಬೇಕು. ಅದನ್ನು ಇಳಿಸುವಾಗ ಹರಿಯದ ಹಾಗೆ ಇಳಿಸುವುದಕ್ಕೆ ಹೇಳು.

ಅಮ್ಮ


ಆಗಸ್ಟ್ ೨

ಅಮ್ಮ,

ಇಳಿಸುತ್ತಿದ್ದೇವೆ. ಹೊರ ಊರುಗಳಿಗೆ ಕಚೇರಿಯವರು ಹೋಗಿದ್ದಾರೆ. ಈ ಊರಿನದ್ದನ್ನು ನಾನೇ ಇಳಿಸುತ್ತೇನೆ ಅಂದೆ. ಬಕೆಟ್ಟಿನಲ್ಲಿ ನೀರು, ಒಂದು ಸ್ಪಂಜು, ಕೆರೆಯುವುದಕ್ಕೆ ಒಂದು ತಗಡು. ತಪ್ಪು ಮಾಡಿದವರೇ ತೊಳೆಯಬೇಕು ಅಂತ ನಾನು ಅಂದಿದ್ದಕ್ಕೆ ಅಯ್ಯನವರು, "ಇಲ್ಲಿ ಯಾರೂ ನಿನಗೆ ಶಿಕ್ಷೆ ಕೊಡ್ತಿಲ್ಲಮ್ಮ" ಅಂದರು. ಗೊತ್ತು. ಆದರೂ ಮೇಜಿನ ಮುಂದೆ ಕೂತು ಪಾರಿವಾಳ ಬರೆಯುವುದಕ್ಕಿಂತ ಇದು ವಾಸಿ.

ಅವನ ಮುಖದ ಮೇಲೆ ನೀರು ಹಾಕಿ ಉಜ್ಜುವುದು ಹೇಗಿರುತ್ತದೆ ಅಂತ ಹೇಳಲಾರೆ. ಕೆಲವು ಕಡೆ ಮೀಸೆ ಬರೆದಿದ್ದಾರೆ. ಒಂದು ಕಡೆ ಯಾರೋ ಮಗು ಕೆನ್ನೆಗೆ ಗುಲಾಬಿ ಬಣ್ಣ ಬಳಿದಿದೆ. ಆಸ್ಪತ್ರೆ ಗೇಟಿನ ಹತ್ತಿರ ಒಬ್ಬರು, "ಯಾಕಮ್ಮ ಇಳಿಸ್ತೀರಾ, ಸಿಕ್ಕಿದನಾ?" ಅಂತ ಕೇಳಿದರು. "ಇಲ್ಲ" ಅಂದೆ. "ಮತ್ತೆ ಇರಲಿ ಬಿಡಿ" ಅಂದರು. ಬಕೆಟ್ ಎತ್ತಿಕೊಂಡು ಅಲ್ಲಿಂದ ಹೊರಟುಬಿಟ್ಟೆ, ಅದೊಂದನ್ನು ಇಳಿಸಲಿಲ್ಲ.

ಇನ್ನೊಂದು ವಿಷಯ ಬರೆಯಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಮರದ ಅಡ್ಡೆಗಳ ಬೀದಿಯ ಕೊನೆಗೆ ಒಂದು ಲಾರಿ ರಿಪೇರಿ ಶೆಡ್ಡು ಇದೆ. ಅಲ್ಲಿ ಅಂಟಿಸಿದ್ದು ಇರಲಿಲ್ಲ. ಬೇರೆ ಕಡೆ ಗಾಳಿಗೆ ಹರಿದಿರುತ್ತದೆ, ಉಗುರಿನಲ್ಲಿ ಕೆರೆದಿರುತ್ತಾರೆ, ಚೂರಾದರೂ ಗೋಡೆಗೆ ಉಳಿದಿರುತ್ತದೆ. ಇಲ್ಲಿ ನಾಲ್ಕು ಮೂಲೆಯೂ ಸ್ವಚ್ಛ. ನೀರು ಹಾಕಿ ನೆನೆಸಿ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆದಿದ್ದಾರೆ. ಶೆಡ್ಡಿನವನನ್ನು ಕೇಳಿದೆ. ಲಾರಿಗಳಿಗೆ ನಂಬರ್ ಬರೆಯುವವರು ಬಂದು ಹೋಗುತ್ತಿರುತ್ತಾರೆ, ಯಾರು ಅಂತ ಗೊತ್ತಿಲ್ಲ ಅಂದ. ನಿಂತಿದ್ದ ಲಾರಿಗಳ ಹಿಂದೆ ಮುಂದೆ ಸುತ್ತಿದೆ. ಎಲ್ಲದರ ಮೇಲೂ ಬರೀ ಅಂಕಿಗಳು. ಅಂಕಿಯಲ್ಲಿ "ಡ" ಎಲ್ಲಿ ಬರುತ್ತದೆ?

ನೀನು ಏನೂ ಅಂದುಕೊಳ್ಳಬೇಡ. ನಾನೂ ಅಂದುಕೊಳ್ಳುತ್ತಿಲ್ಲ. ಆದರೆ ದಿನಾ ಸಂಜೆ ಅದೇ ಬೀದಿಗೆ ಹೋಗುತ್ತಿದ್ದ ಹೆಜ್ಜೆ ಈಗ ಬೆಳಿಗ್ಗೆಯೂ ಅಲ್ಲಿಗೇ ಹೋಗುತ್ತಿದೆ.

ಈ ಕೆಲಸ ಬಿಡೋಣ ಅಂತಲೂ ಅನ್ನಿಸುತ್ತಿದೆ. ಪೋಸ್ಟರಿಗೆ ಹೊಸದೇನಾದರೂ ಬರೆದುಕೊಡು ಅಂದಿದ್ದಾರೆ. ಖಾಲಿ ಹಾಳೆ ತೆರೆಯುತ್ತೇನೆ, ಮುಚ್ಚುತ್ತೇನೆ. ಬೇರೆ ಮುಖ ಬರೆಯುವುದಕ್ಕೆ ಕೈ ಬರುತ್ತಿಲ್ಲ.

ಚುಕ್ಕಿ


ಆಗಸ್ಟ್ ೨೩

ಚುಕ್ಕಿ,

ಇದನ್ನು ನಿಂತುಕೊಂಡು ಓದಬೇಡ, ಕೂತುಕೋ. ಮಂಚ ಎಲ್ಲಿದ್ದರೂ ಸರಿ, ಅದರ ಮೇಲೆ ಕೂತು ಓದು.

ಮಧ್ಯಾಹ್ನ ಅಂಚೆಯವನು ಒಂದು ದಪ್ಪ ಲಕೋಟೆ ಕೊಟ್ಟ. ಯಾರೋ ಅಳತೆ ಬಟ್ಟೆ ಕಳಿಸಿದ್ದಾರೆ ಅಂದುಕೊಂಡು ಮಿಷನ್ ಮೇಲಿಟ್ಟು ಒಂದು ನಿಲುವಂಗಿಯ ಅಂಚು ಮುಗಿಸಿದೆ. ಆಮೇಲೆ ಒಡೆದೆ. ನಿನ್ನ ಪೋಸ್ಟರು. ಎಂಟು ಮಡಿಕೆ, ಮಡಿಕೆಗಳಲ್ಲಿ ಎಲ್ಲೂ ಹರಿದಿಲ್ಲ, ಮೂಲೆಗಳಲ್ಲಿ ಅಂಟು ಒಣಗಿದೆ. ಕಾಗದವಿಲ್ಲ, ಹೆಸರಿಲ್ಲ. ಲಕೋಟೆಯ ಮೇಲೆ ನಮ್ಮ ಮನೆ ವಿಳಾಸ ಬಿಟ್ಟರೆ ಬೇರೆ ಏನಿಲ್ಲ, ಅಂಚೆ ಮುದ್ರೆ ಮಸಿ ಮಸಿಯಾಗಿದೆ.

ನೆಲದ ಮೇಲೆ ಹರಡಿ ನೋಡಿದೆ. ಕೆಳಗಿನ ಸಾಲಿನಲ್ಲಿ ಕೆಂಪು ಬಣ್ಣ. ಪೆನ್ನಿನದಲ್ಲ, ಕುಂಚದ್ದು. "ಡು"ವಿನ ಕೊಂಬು ಹೊಡೆದು ಹಾಕಿದ್ದಾನೆ, ಪಕ್ಕದ "ವ" ಹೊಡೆದು ಹಾಕಿದ್ದಾನೆ. ಅಷ್ಟು ಸಾಲದು ಅಂತ ಕೆಳಗೆ ಖಾಲಿ ಜಾಗದಲ್ಲಿ ಇಡೀ ಪದವನ್ನು ಇನ್ನೊಂದು ಸಲ ಬರೆದಿದ್ದಾನೆ, ಮೇಷ್ಟ್ರು ದಡ್ಡ ಹುಡುಗಿಗೆ ಬರೆದುಕೊಟ್ಟ ಹಾಗೆ. ಕೈಬಿಡನು. ನೀನು ಹೇಳುವ ಆ "ಡ"ದ ಹೊಟ್ಟೆ ನನಗೂ ಗೊತ್ತು ಕಣೇ. ನಾನು ಅವನ ಅಮ್ಮ.

ಬಹಳ ಹೊತ್ತು ಅಲ್ಲೇ ಕೂತಿದ್ದೆ. ಮಂಡಿನೋವಿನಲ್ಲಿ ನೆಲಕ್ಕೆ ಕೂತವಳು ಏಳುವುದು ಕಷ್ಟ, ಅದೂ ಒಂದು ಕಾರಣ. ಅತ್ತುಬಿಟ್ಟೆ ಅಂತ ಬರೆಯುವುದಿಲ್ಲ, ನೀನು ಅಲ್ಲಿ ಕೂತು ಅಳುತ್ತೀಯ.

ಎರಡು ವಿಷಯ ಕಂಡಿತು. ನಿಮ್ಮ ಕಚೇರಿಯ ವಿಳಾಸ ಆ ಪೋಸ್ಟರಿನ ಅಡಿಯಲ್ಲೇ ಇದೆ. ತಪ್ಪು ತಿದ್ದಿದವನು ಅಲ್ಲಿಗೆ ಕಳಿಸಬೇಕು. ಅಲ್ಲಿಗೆ ಕಳಿಸಿಲ್ಲ. ನನಗೆ ಕಳಿಸಿದ್ದಾನೆ. ಇನ್ನೊಂದು, ಹರಿದ ಕಾಲರನ್ನು ಮುಟ್ಟಿಲ್ಲ. ಕೈಯಲ್ಲಿ ಕುಂಚ ಇತ್ತು, ಒಂದು ಗೆರೆ ಎಳೆದಿದ್ದರೆ ಮುಗಿಯುತ್ತಿತ್ತು. ಅದು ನನ್ನ ಕೆಲಸ ಅಂತ ಬಿಟ್ಟಿದ್ದಾನೆ.

ಈಗ ಕೇಳು. ಕೆಲಸ ಬಿಡುವ ಮಾತು ಈಗ ಆಡಬೇಡ. ಕರೆದವನು ಕೈಬಿಡನು ಅಂತ ನಿಮ್ಮ ಅಯ್ಯನವರು ಬರೆದದ್ದು ಸರಿಯೇ ಇರಬಹುದು, ಆದರೆ ಮೊದಲು ಕರೆಯಬೇಕಲ್ಲ? ನಾನು ಕರೆಯಲೇ ಇಲ್ಲ. ಬರಬೇಡ ಅಂದು ಬಾಗಿಲು ಹಾಕಿ, ಎರಡು ವರ್ಷ ಅವನು ಬರಲಿಲ್ಲ ಅಂತ ಅವನ ಮೇಲೇ ಸಿಟ್ಟು ಮಾಡಿಕೊಂಡು ಕೂತಿದ್ದೆ.

ಹೊಸ ಪೋಸ್ಟರು ಬರೆ. ಅವನ ಮುಖವೇ ಇರಲಿ, ಅಮ್ಮ ಒಪ್ಪಿದ್ದಾಳೆ ಅಂತ ಅಯ್ಯನವರಿಗೆ ಹೇಳು, ಬೇಕಾದರೆ ಈ ಕಾಗದವನ್ನೇ ತೋರಿಸು. ಮೇಲಿನ "ಕಳೆದುಹೋದವನು" ತೆಗೆದು ಹಾಕು. ಕಾಲರ್ ಹಾಗೇ ಹರಿದಿರಲಿ, ಬಂದ ಮೇಲೆ ನಾನೇ ಹೊಲಿಯುತ್ತೇನೆ. ಕೆಳಗೆ ಎರಡೇ ಪದ ದೊಡ್ಡದಾಗಿ ಬರೆ. "ಮನೆಗೆ ಬ."

ತಪ್ಪಾಗಿ ಬರೆದೆ ಅಂದುಕೊಳ್ಳಬೇಡ. ನನಗೆ ಕಾಗುಣಿತ ಬರುತ್ತದೆ. ಬೇಕೆಂದೇ ಬಿಟ್ಟಿದ್ದೇನೆ. ನೀನೂ ಹಾಗೇ ಬಿಡು, ಮೇಷ್ಟ್ರು ಕೆಂಪು ಪೆನ್ನು ಎತ್ತಿಕೊಂಡು ಬಂದರೆ ಕೈ ಹಿಡಿದು ನಿಲ್ಲಿಸು. ನಮ್ಮ ಬೀದಿಯ ತಿರುವಿನಲ್ಲಿ ಒಂದು ಅಂಟಿಸು, ನಮ್ಮ ಬಾಗಿಲಿಗೂ ಒಂದು ಕಳಿಸು.

ಆ ದೀರ್ಘ ಹಾಕುವುದಕ್ಕಾದರೂ ಬಂದಾನು.

ಅಮ್ಮ